ಅತ್ತೆಯ ಹೆರಿಗೆಯ ಕಥೆಯನ್ನೂ ಕೇಳಿ

ಓದುಗರ ಪ್ರಶ್ನೆ, ವೈದ್ಯೆಯ ಉತ್ತರ

ಬಸುರಿಯರ ಬಿ.ಪಿ. ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳುತ್ತವೆ: ಇದು ವಂಶದಿಂದ ಬರುತ್ತದೆಯೇ, ಬರುವುದಾದರೆ ಯಾರ ವಂಶದಿಂದ? ಜಿಲ್ಲಾ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿದವಳು ನಾನು. ವಾರ್ಡಿನ ಬಾಗಿಲಲ್ಲಿ ನಿಂತ ಸಂಬಂಧಿಕರ ಬಾಯಲ್ಲಿ ಈ ಮಾತು ಕೇಳುತ್ತಲೇ ಬಂದಿದ್ದೇನೆ. ಅಲ್ಲಿ ಅದು ಪ್ರಶ್ನೆಯಾಗಿರುತ್ತಿರಲಿಲ್ಲ, ಆರೋಪವಾಗಿರುತ್ತಿತ್ತು. ಒಳಗೆ ಫಿಟ್ಸ್ ಬಂದು ಮಲಗಿದ ಹುಡುಗಿಗೆ ಅದು ಕೇಳಿಸುತ್ತಲೂ ಇತ್ತು. ಆದ್ದರಿಂದ ಈ ಸಲದ ಪುಟಗಳನ್ನೆಲ್ಲ, ಬಿ.ಪಿ. ಸೇರಿ ಬಸುರಿನ ತೊಂದರೆಗಳಿಗೂ ವಂಶಕ್ಕೂ ಇರುವ ನಂಟಿಗೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ಮೊದಲ ಬಸುರಿಯಲ್ಲಿ ಏಳೂವರೆ ತಿಂಗಳಿಗೆ ಬಿ.ಪಿ. 170/110 ಆಗಿ, ಸಿಸೇರಿಯನ್ ಮಾಡಿ ಮಗು ತೆಗೆದರು. ಮಗು 1.6 ಕೆ.ಜಿ. ಇತ್ತು, ಮೂರು ವಾರ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಈಗ ಮಗಳಿಗೆ ಎರಡು ವರ್ಷ, ಆಡಿಕೊಂಡು ಚೆನ್ನಾಗಿದ್ದಾಳೆ. ನಮ್ಮ ಅತ್ತೆ ಮಾತ್ರ "ನಮ್ಮ ವಂಶದಲ್ಲಿ ಇಂಥದ್ದಿಲ್ಲ, ಇದು ನಿನ್ನ ತವರಿಂದ ಬಂದಿದ್ದು" ಎನ್ನುತ್ತಾರೆ. ನನ್ನ ತಾಯಿಗೆ ಮೂರು ಹೆರಿಗೆಯಲ್ಲೂ ಏನೂ ತೊಂದರೆ ಇರಲಿಲ್ಲ. ನನ್ನ ರಕ್ತದಲ್ಲೇ ಏನಾದರೂ ದೋಷವಿದೆಯೇ? ಇನ್ನೊಂದು ಮಗು ಮಾಡಿಕೊಳ್ಳಲು ಭಯ.
— ಓದುಗರು, ತಿಪಟೂರು

ಉತ್ತರ: ನಿಮ್ಮ ರಕ್ತದಲ್ಲಿ ದೋಷವಿಲ್ಲ. ನಿಮಗೆ ಆಗಿದ್ದು ಪ್ರಿ-ಎಕ್ಲಾಂಪ್ಸಿಯಾ, ನಮ್ಮ ಹಿರಿಯರು ಬಸುರಿಯ ನಂಜು ಎನ್ನುತ್ತಿದ್ದ ಕಾಯಿಲೆ. ಇದರ ಬೇರು ಇರುವುದು ಮಾಸಿನಲ್ಲಿ, ಹೆರಿಗೆಯಾದ ಮೇಲೆ ಕಸ ಬಿತ್ತು ಎನ್ನುತ್ತೇವಲ್ಲ, ಅದರಲ್ಲಿ. ಆ ಮಾಸು ಯಾರದು ಎಂದು ಮನೆಯವರೆಲ್ಲ ಒಮ್ಮೆ ಯೋಚಿಸಬೇಕು. ಅದು ತಾಯಿಯ ಅಂಗವಲ್ಲ. ಮಗು ಹುಟ್ಟಿದ ಅದೇ ಭ್ರೂಣದಿಂದ ಮಾಸೂ ಬೆಳೆಯುತ್ತದೆ. ಅದರ ಜೀನ್‌ಗಳಲ್ಲಿ, ಅಂದರೆ ವಂಶವಾಹಿಗಳಲ್ಲಿ, ಅರ್ಧ ನಿಮ್ಮವು, ಅರ್ಧ ನಿಮ್ಮ ಗಂಡನವು. ಗಂಡನಿಗೆ ಅವು ಬಂದದ್ದು ನಿಮ್ಮ ಅತ್ತೆ ಮತ್ತು ಮಾವನಿಂದ.

ಬಸುರಿನ ಮೊದಲ ತಿಂಗಳುಗಳಲ್ಲಿ ಮಾಸಿನ ಕಣಗಳು ಗರ್ಭಕೋಶದ ಗೋಡೆಯೊಳಗೆ ಇಳಿದು, ತಾಯಿಯ ಸಣ್ಣ ರಕ್ತನಾಳಗಳನ್ನು ಅಗಲಿಸಬೇಕು. ಹೊಲಕ್ಕೆ ನೀರು ಹಾಯಿಸುವವನು ಕಾಲುವೆಯ ಬಾಯಿ ಅಗಲ ಮಾಡಿಕೊಂಡ ಹಾಗೆ. ಆ ಕೆಲಸಕ್ಕೆ ತಾಯಿಯ ದೇಹ ಎಷ್ಟು ಅವಕಾಶ ಕೊಡುತ್ತದೆ ಎನ್ನುವುದು ತಾಯಿಯ ಜೀನ್‌ಗಳ ಮೇಲಿದೆ, ಮಾಸು ಎಷ್ಟು ಚುರುಕಾಗಿ ಇಳಿಯುತ್ತದೆ ಎನ್ನುವುದು ಮಗುವಿನ ಜೀನ್‌ಗಳ ಮೇಲೆ. ಇಬ್ಬರ ನಡುವೆ ಹೊಂದಿಕೆ ಸಾಲದಿದ್ದರೆ ಮಾಸಿಗೆ ರಕ್ತ ಸಾಲುವುದಿಲ್ಲ. ರಕ್ತ ಸಾಲದ ಮಾಸು ತಾಯಿಯ ರಕ್ತಕ್ಕೆ ಕೆಲವು ಪ್ರೋಟೀನ್‌ಗಳನ್ನು ಬಿಡುತ್ತದೆ. ಅವುಗಳಲ್ಲಿ ಮುಖ್ಯವಾದದ್ದು ಎಸ್-ಎಫ್‌ಎಲ್‌ಟಿ-1. ತಾಯಿಯ ರಕ್ತನಾಳಗಳನ್ನು ಆರೋಗ್ಯವಾಗಿಡುವ ಅಂಶಗಳನ್ನು ಅದು ಹಿಡಿದಿಟ್ಟುಕೊಂಡುಬಿಡುತ್ತದೆ. ಆಗ ಬಿ.ಪಿ. ಏರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ, ಲಿವರ್ ಮತ್ತು ಮಿದುಳಿಗೆ ಪೆಟ್ಟು ಬೀಳುತ್ತದೆ. ಮಾಸು ಹೊರಗೆ ಬಂದ ಮೇಲೇ ಈ ಕಾಯಿಲೆ ಇಳಿಯಲು ತೊಡಗುವುದು. ನಿಮಗೆ ಅವಸರದಲ್ಲಿ ಸಿಸೇರಿಯನ್ ಮಾಡಿದ್ದು ಅದಕ್ಕೇ.

ಆ ಪ್ರೋಟೀನನ್ನು ಮಾಡುವ ಜೀನ್‌ನ ಹೆಸರು ಎಫ್‌ಎಲ್‌ಟಿ-1. ಜೀನ್‌ಗಳನ್ನು ಹೊತ್ತ ಎಳೆಗಳಿಗೆ ಕ್ರೋಮೋಸೋಮು ಎನ್ನುತ್ತಾರೆ, ಅದು ಇರುವುದು 13ನೇ ಕ್ರೋಮೋಸೋಮಿನಲ್ಲಿ. ಆ ಕ್ರೋಮೋಸೋಮು ಎರಡರ ಬದಲು ಮೂರು ಇರುವ ಮಗುವನ್ನು ಹೊತ್ತ ತಾಯಂದಿರಿಗೆ ಈ ಬಿ.ಪಿ. ಕಾಯಿಲೆ ಹೆಚ್ಚಾಗಿ ಬರುತ್ತದೆಂದು ವೈದ್ಯರು ಹಿಂದಿನಿಂದಲೂ ಗಮನಿಸಿದ್ದರು. 2017ರಲ್ಲಿ, ಪ್ರಿ-ಎಕ್ಲಾಂಪ್ಸಿಯಾ ಬಂದಿದ್ದ ಬಸುರಿನಿಂದ ಹುಟ್ಟಿದ 4,000ಕ್ಕೂ ಹೆಚ್ಚು ಮಕ್ಕಳ ಜೀನ್‌ಗಳನ್ನು ಬೇರೆ ಲಕ್ಷಾಂತರ ಜನರ ಜೀನ್‌ಗಳ ಜೊತೆ ಹೋಲಿಸಿ ನೋಡಿದಾಗ, ಸ್ಪಷ್ಟ ವ್ಯತ್ಯಾಸ ಕಂಡದ್ದು ಇದೇ ಎಫ್‌ಎಲ್‌ಟಿ-1 ಜೀನಿನ ಹತ್ತಿರ. ಆ ವ್ಯತ್ಯಾಸ ಇದ್ದದ್ದು ಮಕ್ಕಳ ಜೀನಿನಲ್ಲಿ. ಕಾಯಿಲೆ ಬಿದ್ದವಳು ತಾಯಿ, ಸುಳಿವು ಸಿಕ್ಕಿದ್ದು ಮಗುವಿನಲ್ಲಿ. ತಾಯಿಯ ಕಡೆಯ ಜೀನ್‌ಗಳೂ ಮುಂದೆ ಸಿಕ್ಕವು. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡವು ಸಾಮಾನ್ಯ ಬಿ.ಪಿ.ಗೂ ದೇಹದ ತೂಕಕ್ಕೂ ನಂಟಿರುವ ಜೀನ್‌ಗಳು.

ಸ್ವೀಡನ್ನಿನ ಕುಟುಂಬಗಳನ್ನು ನೋಡಿ 2004ರಲ್ಲಿ ಒಂದು ಅಂದಾಜು ಹಾಕಿದ್ದಾರೆ. ಯಾರಿಗೆ ಈ ಕಾಯಿಲೆ ಬರುತ್ತದೆ ಎನ್ನುವುದರಲ್ಲಿ ನೂರಕ್ಕೆ 35 ಪಾಲು ತಾಯಿಯ ಜೀನ್‌ಗಳದು, 20 ಪಾಲು ಮಗುವಿನ ಜೀನ್‌ಗಳದು, 13 ಪಾಲು ಆ ಗಂಡಹೆಂಡಿರ ಜೋಡಿಯದು. ಉಳಿದದ್ದು ಬೇರೆ ಕಾರಣಗಳದು. ಹಾಗಾಗಿ ನಿಮ್ಮ ಪಾಲು ಏನೂ ಇಲ್ಲ ಎಂದು ನಾನು ಹೇಳುವುದಿಲ್ಲ, ಅದು ಸುಳ್ಳಾಗುತ್ತದೆ. ಆದರೆ ಇಡೀ ಹೊರೆಯನ್ನು ನಿಮ್ಮ ತವರಿನ ಮೇಲೆ ಹೊರಿಸುವುದು ಅದಕ್ಕಿಂತ ದೊಡ್ಡ ಸುಳ್ಳು.

ಇನ್ನು ನಿಮ್ಮ ಅತ್ತೆಯವರ ಮಾತು. ನಾರ್ವೆ ದೇಶದಲ್ಲಿ 1967ರಿಂದ ಪ್ರತಿಯೊಂದು ಹೆರಿಗೆಯನ್ನೂ ರಾಷ್ಟ್ರೀಯ ದಾಖಲೆಯಲ್ಲಿ ಬರೆದಿಡುತ್ತಾರೆ. ಹಾಗೆ ದಾಖಲಾದ ಮಕ್ಕಳು ಬೆಳೆದು ತಾವೇ ಅಪ್ಪ ಅಮ್ಮ ಆದಾಗ ಎರಡು ತಲೆಮಾರನ್ನು ಜೋಡಿಸಿ ನೋಡಿದರು. 2005ರಲ್ಲಿ ಬಂದ ಆ ವರದಿಯ ಪ್ರಕಾರ, ತಾಯಿಗೆ ಈ ಕಾಯಿಲೆ ಬಂದಿದ್ದಾಗ ಹುಟ್ಟಿದ ಹೆಣ್ಣುಮಗಳಿಗೆ ತನ್ನ ಬಸುರಿನಲ್ಲಿ ಅದು ಬರುವ ಸಂಭವ ಎರಡು ಪಟ್ಟಿಗಿಂತ ತುಸು ಹೆಚ್ಚು. ಹಾಗೆ ಹುಟ್ಟಿದ ಗಂಡುಮಗನ ಹೆಂಡತಿಗೆ ಒಂದೂವರೆ ಪಟ್ಟು. ಕಾಯಿಲೆ ತೀವ್ರವಾಗಿ ಬರುವ ಸಂಭವ ನೋಡಿದರೆ ಮಗಳಿಗೆ ಮೂರು ಪಟ್ಟು, ಮಗನ ಹೆಂಡತಿಗೆ ಹೆಚ್ಚುಕಡಿಮೆ ಎರಡು ಪಟ್ಟು. ಮಗನಿಗೆ ಬಿ.ಪಿ. ಇಲ್ಲ, ಅವನು ಬಸುರಾಗುವುದೂ ಇಲ್ಲ, ಆದರೂ ತನ್ನ ತಾಯಿಯಿಂದ ಬಂದದ್ದನ್ನು ಅವನು ಮಗುವಿನ ಮೂಲಕ ಹೆಂಡತಿಯ ಹೊಟ್ಟೆಗೆ ದಾಟಿಸಬಲ್ಲ. ಆದ್ದರಿಂದ ಅತ್ತೆಯವರನ್ನು ಸಮಾಧಾನವಾಗಿ ಕೇಳಿ: ನಿಮ್ಮ ಮಗ ಹುಟ್ಟುವಾಗ ನಿಮಗೆ ಕಾಲು ಮುಖ ಊದಿತ್ತೇ, ತಲೆನೋವು ಇತ್ತೇ, ದಿನ ತುಂಬುವ ಮೊದಲೇ ಹೆರಿಗೆ ಆಯಿತೇ, ಮಗು ಬಹಳ ಸಣ್ಣದಿತ್ತೇ? ಆಗಿನ ಹೆರಿಗೆಗಳು ಎಷ್ಟೋ ಮನೆಯಲ್ಲೇ ಸೂಲಗಿತ್ತಿಯ ಕೈಯಲ್ಲಿ ಆದವು, ಬಿ.ಪಿ. ಅಳೆದವರೇ ಇರಲಿಲ್ಲ. "ನಮ್ಮ ವಂಶದಲ್ಲಿ ಇಲ್ಲ" ಎಂದರೆ ಎಷ್ಟೋ ಸಲ "ಯಾರೂ ನೋಡಲಿಲ್ಲ" ಎಂದೇ ಅರ್ಥ.

ಎರಡನೆಯ ಮಗುವಿನ ಮಾತು. 28ರಿಂದ 34 ವಾರದೊಳಗೆ ಈ ಕಾರಣಕ್ಕೆ ಹೆರಿಗೆಯಾದವರಲ್ಲಿ ಮೂವರಲ್ಲಿ ಒಬ್ಬರಿಗೆ ಮುಂದಿನ ಸಲವೂ ಬರಬಹುದು ಎಂದು ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತದೆ. ಇಬ್ಬರಿಗೆ ಬರುವುದಿಲ್ಲ ಎಂಬುದನ್ನೂ ನೆನಪಿಡಿ. ಬಸುರು ನಿಂತದ್ದು ಗೊತ್ತಾದ ಕೂಡಲೇ ವೈದ್ಯರಿಗೆ ಹಿಂದಿನ ಡಿಸ್ಚಾರ್ಜ್ ಚೀಟಿ ತೋರಿಸಿ, ಸಣ್ಣ ಪ್ರಮಾಣದ ಆಸ್ಪಿರಿನ್ ಬಗ್ಗೆ ಕೇಳಿ. 2017ರ ಒಂದು ದೊಡ್ಡ ಪ್ರಯೋಗದಲ್ಲಿ, ಹೆಚ್ಚು ಅಪಾಯವಿದ್ದ ಹೆಂಗಸರಿಗೆ 11ರಿಂದ 14 ವಾರದೊಳಗೆ ಶುರುಮಾಡಿ 36 ವಾರದವರೆಗೆ ರಾತ್ರಿ 150 ಮಿಲಿಗ್ರಾಂ ಕೊಟ್ಟರು. 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗಿ ಬಂದ ಪ್ರಿ-ಎಕ್ಲಾಂಪ್ಸಿಯಾ ನೂರಕ್ಕೆ 4.3ರಿಂದ 1.6ಕ್ಕೆ ಇಳಿಯಿತು. ಐದನೆಯ ತಿಂಗಳು ದಾಟಿದ ಮೇಲೆ ಶುರುಮಾಡಿದರೆ ಅಷ್ಟು ಪ್ರಯೋಜನವಿಲ್ಲ, ಯಾಕೆಂದರೆ ಮಾಸು ಬೇರೂರುವ ಕಾಲ ಅಷ್ಟರಲ್ಲಿ ಮುಗಿದಿರುತ್ತದೆ. ನೀವಾಗಿ ಅಂಗಡಿಯಿಂದ ತಂದು ನುಂಗಬೇಡಿ, ವೈದ್ಯರು ಬರೆದುಕೊಡಲಿ. ಕ್ಯಾಲ್ಸಿಯಂ ಮಾತ್ರೆ ತಪ್ಪಿಸಬೇಡಿ. ಈಗಲೇ, ಬಸುರಾಗುವ ಮೊದಲೇ, ಒಮ್ಮೆ ಬಿ.ಪಿ. ಮತ್ತು ಸಕ್ಕರೆ ನೋಡಿಸಿ. ಈ ಕಾಯಿಲೆ ಬಂದುಹೋದವರಿಗೆ ನಡುವಯಸ್ಸಿನಲ್ಲಿ ಬಿ.ಪಿ. ಮತ್ತು ಹೃದಯದ ತೊಂದರೆ ಹೆಚ್ಚು. ಹೆರಿಗೆಯಾದ ಮೇಲೆ ಯಾರೂ ಇದನ್ನು ಹೇಳುವುದಿಲ್ಲ, ಅದು ನನಗೆ ಬಹಳ ನೋವಿನ ಸಂಗತಿ.

ಪ್ರಶ್ನೆ: ನನ್ನ ಮೊದಲ ಹೆಂಡತಿ ಒಂಬತ್ತನೇ ತಿಂಗಳಲ್ಲಿ ಫಿಟ್ಸ್ ಬಂದು ತೀರಿಕೊಂಡಳು. ಮಗು ಉಳಿಯಿತು. ನಾಲ್ಕು ವರ್ಷದ ಮೇಲೆ ಮನೆಯವರ ಒತ್ತಾಯಕ್ಕೆ ಮತ್ತೆ ಮದುವೆಯಾದೆ. ಈಗ ಇವಳಿಗೆ ಮೂರು ತಿಂಗಳು. ನಿಮ್ಮ ಲೇಖನ ಓದಿದ ಮೇಲೆ ನಿದ್ದೆ ಇಲ್ಲ. ನನ್ನಿಂದಲೇ ಏನಾದರೂ ಇವಳಿಗೂ ಬರುತ್ತದೆಯೇ?
— ಓದುಗರು, ಹುಬ್ಬಳ್ಳಿ

ಉತ್ತರ: ನೀವು ಇದನ್ನು ಕೇಳಿದ್ದಕ್ಕೆ ನಿಮ್ಮ ಹೆಂಡತಿಯ ಪರವಾಗಿ ನಾನು ಕೃತಜ್ಞಳು. ಗಂಡಸರು ಈ ಪ್ರಶ್ನೆ ಕೇಳುವುದು ಬಹಳ ಕಡಿಮೆ.

ಪ್ರಿ-ಎಕ್ಲಾಂಪ್ಸಿಯಾ ವಿಪರೀತಕ್ಕೆ ಹೋಗಿ ಫಿಟ್ಸ್ ಬಂದರೆ ಅದನ್ನು ಎಕ್ಲಾಂಪ್ಸಿಯಾ ಎನ್ನುತ್ತಾರೆ, ನಿಮ್ಮ ಮೊದಲ ಹೆಂಡತಿಗೆ ಆಗಿದ್ದು ಬಹುಶಃ ಅದೇ. ನಿಮ್ಮ ಪ್ರಶ್ನೆಗೆ ನೇರ ಉತ್ತರವಿದೆ. ಒಬ್ಬ ಹೆಂಡತಿಯ ಬಸುರಿನಲ್ಲಿ ಪ್ರಿ-ಎಕ್ಲಾಂಪ್ಸಿಯಾ ಬಂದಿದ್ದ ಗಂಡಸರು ಇನ್ನೊಬ್ಬಳಿಂದ ಮಗು ಪಡೆದಾಗ, ಆ ಎರಡನೆಯವಳಿಗೂ ಬರುವ ಸಂಭವ ಹೆಚ್ಚುಕಡಿಮೆ ಎರಡು ಪಟ್ಟು ಎಂದು ನಾರ್ವೆಯ ಅದೇ ದಾಖಲೆಗಳಿಂದ 1998ರಲ್ಲಿ ತಿಳಿದುಬಂತು. ಎರಡು ಪಟ್ಟು ಎಂದರೆ ಹೆದರಬೇಡಿ. ಸಾಮಾನ್ಯವಾಗಿ ನೂರು ಬಸುರಿಯರಲ್ಲಿ ಮೂರರಿಂದ ಐದು ಮಂದಿಗೆ ಬರುವ ಕಾಯಿಲೆ ಇದು. ಎರಡು ಪಟ್ಟಾದರೂ ನೂರರಲ್ಲಿ ತೊಂಬತ್ತು ಮಂದಿಗೆ ಬರುವುದೇ ಇಲ್ಲ.

ಇದರ ಹಿಂದಿನ ಒಂದು ಕಾರಣವನ್ನು ಕೇಂಬ್ರಿಜ್‌ನ ಆಶ್ಲಿ ಮೊಫೆಟ್ ಅವರ ತಂಡ 2004ರಲ್ಲಿ ತೋರಿಸಿತು. ಗರ್ಭಕೋಶದ ಗೋಡೆಯಲ್ಲಿ ತಾಯಿಯ ರೋಗನಿರೋಧಕ ಕಣಗಳಿರುತ್ತವೆ. ಮಾಸಿನ ಕಣಗಳ ಮೈಮೇಲಿನ ಎಚ್‌ಎಲ್‌ಎ-ಸಿ ಎಂಬ ಗುರುತನ್ನು ಅವು ಮುಟ್ಟಿ ನೋಡುತ್ತವೆ. ಆ ಗುರುತಿನಲ್ಲಿ ಎರಡು ಬಗೆ. ತಾಯಿಯ ನಿರೋಧಕ ಕಣಗಳು ಒಂದು ವಿಧದವಾಗಿದ್ದು, ಮಗುವಿನ ಗುರುತು ಎರಡನೆಯ ಬಗೆಯದಾಗಿದ್ದರೆ ಮಾಸು ಆಳಕ್ಕೆ ಇಳಿಯಲು ಅಡ್ಡಿಯಾಗುತ್ತದೆ. ಆ ಗುರುತು ಅಪ್ಪನ ಕಡೆಯಿಂದ ಬಂದಿದ್ದಾಗ ತೊಂದರೆ ಇನ್ನೂ ಹೆಚ್ಚು. ಇದರಲ್ಲಿ ಯಾರದೂ ದೋಷವಿಲ್ಲ. ಅದೇ ಗುರುತು ಇನ್ನೊಬ್ಬಳ ಹೊಟ್ಟೆಯಲ್ಲಿ ಯಾವ ಕಿರಿಕಿರಿಯೂ ಇಲ್ಲದೆ ಬೆಳೆದೀತು.

ನೀವು ಮಾಡಬೇಕಾದದ್ದು ಒಂದೇ. ಈ ವಾರವೇ ಹೆಂಡತಿಯ ಜೊತೆ ಆಸ್ಪತ್ರೆಗೆ ಹೋಗಿ, ಮೊದಲ ಹೆಂಡತಿಗೆ ಏನಾಯಿತೆಂದು ವೈದ್ಯರಿಗೆ ನೀವೇ ಬಾಯಿಬಿಟ್ಟು ಹೇಳಿ. ಹೊಸ ಹೆಂಡತಿಯ ಎದುರು ಹಳೆಯ ಸಾವಿನ ಮಾತು ಬೇಡವೆಂದು ಮನೆಗಳಲ್ಲಿ ಮುಚ್ಚಿಡುತ್ತಾರೆ. ಆಸ್ಪತ್ರೆಯಲ್ಲಿ ಬಸುರಿಯರಿಗೆ ಕೊಡುವ 'ತಾಯಿ ಕಾರ್ಡ್'ನಲ್ಲಿ "ಮೊದಲ ಬಸುರು, ತೊಂದರೆ ಇಲ್ಲ" ಎಂದು ಬರೆದು ಕಳಿಸಿದರೆ ಆಸ್ಪಿರಿನ್ ಕೊಡಬಹುದಾದ ಕಾಲ ಕಳೆದುಹೋಗುತ್ತದೆ. ಮೂರು ತಿಂಗಳೆಂದರೆ ಸರಿಯಾದ ಹೊತ್ತಿಗೇ ಬರೆದಿದ್ದೀರಿ. ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಎದೆಗೂಡಿನ ಕೆಳಗೆ ಹೊಟ್ಟೆ ನೋವು ಬಂದರೆ, ಮುಖ ಕೈ ಒಮ್ಮೆಲೇ ಊದಿದರೆ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಫಿಟ್ಸ್ ಬರದಂತೆ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಸರ್ಕಾರಿ ಆಸ್ಪತ್ರೆಗಳಲ್ಲಿ ಇರುತ್ತದೆ. ಹೆರಿಗೆಯ ನಂತರದ ದಿನಗಳಲ್ಲೂ ಫಿಟ್ಸ್ ಬರಬಹುದು, ಬಾಣಂತನಕ್ಕೆ ತವರಿಗೆ ಹೋದಾಗ ಅವಳ ತಾಯಿಗೂ ಇದು ಗೊತ್ತಿರಲಿ.

ಪ್ರಶ್ನೆ: ನನಗೆ ಐವತ್ತೆಂಟು ವರ್ಷ. ಹಿರಿಯ ಮಗ ಹುಟ್ಟುವಾಗ ನನಗೆ ಕಾಲು ಊದಿ, ಕಣ್ಣು ಕತ್ತಲೆ ಬಂದು, ಎಚ್ಚರ ತಪ್ಪಿತ್ತಂತೆ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದ್ದರು. ಈಗ ಅವನ ಹೆಂಡತಿ ಬಸುರಿ. ಇದನ್ನು ಡಾಕ್ಟರಿಗೆ ಹೇಳಿದರೆ ನಗುತ್ತಾರೇನೋ ಅಂತ ಸುಮ್ಮನಿದ್ದೇನೆ.
— ಓದುಗರು, ಚಳ್ಳಕೆರೆ

ಉತ್ತರ: ಅಮ್ಮಾ, ಯಾರೂ ನಗುವುದಿಲ್ಲ. ನೀವು ಹೇಳಿದ್ದು ಗಾಳಿಯಲ್ಲ, ಎಕ್ಲಾಂಪ್ಸಿಯಾ ಇದ್ದಿರಬೇಕು. ಅಂಥದ್ದರಿಂದ ನೀವೂ ಮಗನೂ ಉಳಿದುಬಂದದ್ದು ದೊಡ್ಡ ಮಾತು. ಮುಂದಿನ ತಪಾಸಣೆಗೆ ಸೊಸೆಯ ಜೊತೆ ನೀವೇ ಹೋಗಿ, ನನಗೆ ಬರೆದಷ್ಟನ್ನೇ ಅಲ್ಲಿಯೂ ಹೇಳಿ. ಸಿಸ್ಟರ್ ಅದನ್ನು ಕಾರ್ಡಿನಲ್ಲಿ ಬರೆದುಕೊಳ್ಳಲಿ. ನಿಮ್ಮ ಹೆಣ್ಣುಮಕ್ಕಳಿಗೂ ಇದು ಗೊತ್ತಾಗಬೇಕು. ಅವರು ಹುಟ್ಟಿದ ಹೆರಿಗೆಗಳು ಸಲೀಸಾಗಿದ್ದರೂ ಸರಿ, ಅಂಥ ಅಕ್ಕತಂಗಿಯರಿಗೂ ಸಂಭವ ಸುಮಾರು ಎರಡು ಪಟ್ಟು ಎಂದು ನಾರ್ವೆಯ ಅಧ್ಯಯನದಲ್ಲಿ ಕಂಡಿದೆ. ಜೊತೆಗೆ ನಿಮ್ಮ ಬಿ.ಪಿ.ಯನ್ನೂ ಒಮ್ಮೆ ನೋಡಿಸಿಕೊಳ್ಳಿ.

ಪ್ರಶ್ನೆ: ನನ್ನ ತಂಗಿಗೆ ಮೂರು ತಿಂಗಳು. ನೀರು ಕುಡಿದರೂ ವಾಂತಿ. ಆರು ಕೆ.ಜಿ. ಇಳಿದಿದ್ದಾಳೆ, ಎರಡು ಸಲ ಡ್ರಿಪ್ ಹಾಕಿಸಿದೆವು. ಮೊದಲನೆಯ ಬಸುರಿನಲ್ಲಿ ಇಷ್ಟಿರಲಿಲ್ಲ. ನನಗಂತೂ ಎರಡು ಸಲವೂ ವಾಕರಿಕೆಯೇ ಇರಲಿಲ್ಲ. "ಎಲ್ಲರೂ ಹೆತ್ತಿದ್ದಾರೆ, ಇವಳದು ನಾಜೂಕು" ಎನ್ನುತ್ತಾರೆ ಅವಳ ಮನೆಯವರು.
— ಓದುಗರು, ಸಾಗರ

ಉತ್ತರ: ನಾಜೂಕಲ್ಲ, ಕಾಯಿಲೆ. ಹೈಪರೆಮೆಸಿಸ್ ಎನ್ನುತ್ತಾರೆ. ಇದರ ಕಾರಣ ಬಹುಮಟ್ಟಿಗೆ ಬಗೆಹರಿದದ್ದು ತೀರಾ ಇತ್ತೀಚೆಗೆ. 2023ರ ಡಿಸೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಆ ಸಂಶೋಧನೆಯಲ್ಲಿ ಮುಂದಾಳುಗಳಾಗಿದ್ದವರು ಅಮೆರಿಕದ ಮಾರ್ಲೀನಾ ಫೇಜೊ ಮತ್ತು ಕೇಂಬ್ರಿಜ್‌ನ ಸ್ಟೀಫನ್ ಒ'ರಾಹಿಲಿ. ಫೇಜೊ ಅವರು 1999ರಲ್ಲಿ ಇದೇ ಕಾಯಿಲೆಯಿಂದ ಹೊಟ್ಟೆಯಲ್ಲಿದ್ದ ಮಗುವನ್ನು ಕಳೆದುಕೊಂಡವರು. ಅವರನ್ನೂ ಆಗ ಯಾರೂ ನಂಬಿರಲಿಲ್ಲ.

ಜಿಡಿಎಫ್-15 ಎಂಬ ಹಾರ್ಮೋನು ನಮ್ಮೆಲ್ಲರ ರಕ್ತದಲ್ಲೂ ಸ್ವಲ್ಪ ಇರುತ್ತದೆ. ಬಸುರಿನಲ್ಲಿ ಮಗು ಮತ್ತು ಮಾಸು ಅದನ್ನು ಬಹಳಷ್ಟು ತಯಾರಿಸಿ ತಾಯಿಯ ರಕ್ತಕ್ಕೆ ಬಿಡುತ್ತವೆ. ಅದು ಮಿದುಳಿನ ಬುಡದಲ್ಲಿರುವ ವಾಂತಿಯ ಕೇಂದ್ರವನ್ನು ಕೆಣಕುತ್ತದೆ. ಬಸುರಾಗುವ ಮೊದಲೇ ಯಾರ ರಕ್ತದಲ್ಲಿ ಈ ಹಾರ್ಮೋನು ಹೆಚ್ಚಿರುತ್ತದೋ ಅವರ ಮಿದುಳು ಅದಕ್ಕೆ ಒಗ್ಗಿಹೋಗಿರುತ್ತದೆ. ಯಾರಲ್ಲಿ ಹುಟ್ಟಿನಿಂದಲೇ ಕಡಿಮೆಯೋ ಅವರಿಗೆ ಮಗುವಿನಿಂದ ಬರುವುದನ್ನು ತಡೆದುಕೊಳ್ಳಲು ಆಗುವುದಿಲ್ಲ. ಥಲಸೇಮಿಯಾ ಎಂಬ ರಕ್ತದ ಕಾಯಿಲೆ ಇರುವ ಹೆಂಗಸರಲ್ಲಿ ಈ ಹಾರ್ಮೋನು ಸದಾ ಹೆಚ್ಚು, ಅವರಿಗೆ ಬಸುರಿನ ವಾಂತಿ ಬಹಳ ಕಡಿಮೆ. ಅದೂ ಈ ವಿವರಣೆಗೆ ಪುಷ್ಟಿ ಕೊಟ್ಟಿತು.

ಮೊದಲ ಬಸುರಿಗೂ ಎರಡನೆಯದಕ್ಕೂ ಯಾಕೆ ವ್ಯತ್ಯಾಸ ಎಂಬುದಕ್ಕೂ ಇಲ್ಲೊಂದು ಸುಳಿವಿದೆ. ಈ ಜೀನಿನಲ್ಲಿ ಅಪರೂಪದ ಒಂದು ಬದಲಾವಣೆ ಇರುವ ತಾಯಂದಿರಲ್ಲಿ ಹಾರ್ಮೋನು ಕಡಿಮೆ. ಅಂಥ ತಾಯಿಯ ಮಗುವಿಗೆ ಆ ಬದಲಾವಣೆ ಬಾರದಿದ್ದರೆ ಅದರ ಮಾಸು ಪೂರ್ತಿ ಹಾರ್ಮೋನು ಸುರಿಯುತ್ತದೆ, ತಾಯಿ ನರಳುತ್ತಾಳೆ. ಮಗುವಿಗೂ ಅದೇ ಬದಲಾವಣೆ ಬಂದಿದ್ದರೆ ಅಪಾಯ ಹೆಚ್ಚುವುದಿಲ್ಲ. ತಾಯಿ ಒಬ್ಬಳೇ, ಮಕ್ಕಳು ಬೇರೆ ಬೇರೆ. ನಿಮ್ಮ ತಂಗಿಯಲ್ಲಿ ಇದೇ ಬದಲಾವಣೆ ಇದೆಯೆಂದು ನಾನು ಹೇಳುತ್ತಿಲ್ಲ. ಒಂದೇ ಹೆಣ್ಣಿಗೆ ಒಂದೊಂದು ಸಲ ಒಂದೊಂದು ರೀತಿ ಆಗುವುದಕ್ಕೆ ಮನಸ್ಸಿನ ದೌರ್ಬಲ್ಯ ಕಾರಣವಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ವಾಂತಿ ನೋಡಿ ಮಗು ಗಂಡೋ ಹೆಣ್ಣೋ ಎಂದು ಊಹಿಸುವವರ ಮಾತಿಗೆ ಕಿವಿಗೊಡಬೇಡಿ.

ಈಗ ತುರ್ತಿನ ಮಾತು. ಆರು ಕೆ.ಜಿ. ಇಳಿದವಳಿಗೆ ಬರೀ ಗ್ಲೂಕೋಸ್ ಡ್ರಿಪ್ ಸಾಲದು. ಗ್ಲೂಕೋಸ್ ಏರಿಸುವ ಮೊದಲು ಥಯಮಿನ್, ಅಂದರೆ ವಿಟಮಿನ್ ಬಿ-1 ಕೊಡಬೇಕು. ಇಲ್ಲದಿದ್ದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ಇದನ್ನು ವೈದ್ಯರಲ್ಲಿ ಸಂಕೋಚವಿಲ್ಲದೆ ಕೇಳಿ. ಬಸುರಿನಲ್ಲಿ ಕೊಡಬಹುದಾದ ವಾಂತಿಯ ಮಾತ್ರೆಗಳಿವೆ, ಡಾಕ್ಸಿಲಮಿನ್ ಮತ್ತು ವಿಟಮಿನ್ ಬಿ-6 ಸೇರಿದ ಮಾತ್ರೆ ಎಷ್ಟೋ ವರ್ಷಗಳಿಂದ ಬಳಕೆಯಲ್ಲಿದೆ. ಮೂತ್ರ ಕಡಿಮೆಯಾದರೆ, ಎದ್ದು ನಿಂತರೆ ತಲೆ ಸುತ್ತಿದರೆ ಅಡ್ಮಿಟ್ ಮಾಡಿಸಿ.

ಪ್ರಶ್ನೆ: ಸೋದರಮಾವನನ್ನೇ ಮದುವೆಯಾಗಿದ್ದೇನೆ. ಎಂಟನೇ ತಿಂಗಳ ಕೊನೆಗೆ ವಾಂತಿ, ಕಾಮಾಲೆ ಶುರುವಾಗಿ ನನ್ನ ಲಿವರ್ ಕೆಟ್ಟಿತು, ಪ್ಲೇಟ್‌ಲೆಟ್ ಇಳಿಯಿತು. ಹೆರಿಗೆ ಮಾಡಿಸಿ ಐ.ಸಿ.ಯು.ನಲ್ಲಿಟ್ಟು ಉಳಿಸಿದರು. ಮಗು ಚೆನ್ನಾಗಿಯೇ ಇತ್ತು. ಆರು ತಿಂಗಳಿಗೆ ಜ್ವರ ಬಂದು ಎರಡು ದಿನ ಹಾಲು ಬಿಟ್ಟಿತು, ಸಕ್ಕರೆ ಪೂರ್ತಿ ಇಳಿದು, ಹೃದಯ ದುರ್ಬಲವಾಗಿದೆ ಎಂದರು, ತೀರಿಕೊಂಡಿತು. ಎರಡಕ್ಕೂ ಸಂಬಂಧವಿಲ್ಲ, ನಿನ್ನ ಹಣೆಬರಹ ಎನ್ನುತ್ತಾರೆ ಎಲ್ಲರೂ.
— ಓದುಗರು, ಸಿಂಧನೂರು

ಉತ್ತರ: ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಎರಡಕ್ಕೂ ಸಂಬಂಧ ಇರಬಹುದು, ಅದನ್ನು ಪರೀಕ್ಷೆ ಮಾಡಿಸಿ ನೋಡಲೇಬೇಕು. ನಿಮ್ಮನ್ನು ನೋಡಿದ ಎರಡು ಆಸ್ಪತ್ರೆಗಳಲ್ಲಿ ಒಂದು ತಾಯಿಯನ್ನು ಮಾತ್ರ ನೋಡಿತು, ಇನ್ನೊಂದು ಮಗುವನ್ನು ಮಾತ್ರ. ಎರಡೂ ಕಾಗದಗಳನ್ನು ಒಂದೇ ಮೇಜಿನ ಮೇಲಿಟ್ಟು ಓದಿದವರು ಇಲ್ಲ.

ಎಲ್-ಸಿ-ಎಚ್-ಎ-ಡಿ ಕೊರತೆ ಎಂಬ ಒಂದು ಅಪರೂಪದ ಕಾಯಿಲೆ ಇದೆ. ಊಟವಿಲ್ಲದ ಹೊತ್ತಿನಲ್ಲಿ ದೇಹ ಕೊಬ್ಬನ್ನು ಕರಗಿಸಿ ಶಕ್ತಿ ಮಾಡಿಕೊಳ್ಳುತ್ತದೆ. ಅದಕ್ಕೆ ಬೇಕಾದ ಒಂದು ಕಿಣ್ವ ಈ ಮಕ್ಕಳಲ್ಲಿ ಇರುವುದಿಲ್ಲ. ಹಾಲು ಕುಡಿಯುತ್ತಿರುವವರೆಗೆ ಮಗು ಚೆನ್ನಾಗಿರುತ್ತದೆ. ಜ್ವರ ಬಂದು ಹಾಲು ಬಿಟ್ಟಾಗ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ, ಹೃದಯ ಮತ್ತು ಲಿವರ್ ಸೋಲುತ್ತವೆ. ಇಂಥ ಮಗು ಹೊಟ್ಟೆಯಲ್ಲಿರುವಾಗ ಮಾಸಿನಲ್ಲೂ ಆ ಕಿಣ್ವ ಇರುವುದಿಲ್ಲ, ಮಾಸಿನದೂ ಮಗುವಿನ ಜೀನ್‌ಗಳೇ ತಾನೆ. ಅರ್ಧ ಕರಗಿದ ಕೊಬ್ಬಿನಂಶ ತಾಯಿಯ ರಕ್ತಕ್ಕೆ ಬರುತ್ತದೆ. ತಾಯಿಯಲ್ಲಿ ಆ ಕಿಣ್ವ ಮಾಡುವ ಜೀನಿನ ಎರಡು ಪ್ರತಿಗಳಲ್ಲಿ ಒಂದು ಮೊದಲೇ ಕೆಟ್ಟಿರುವುದರಿಂದ ಅವಳ ಲಿವರಿಗೆ ಆ ಹೊರೆ ತಡೆಯಲಾಗುವುದಿಲ್ಲ. 1999ರಲ್ಲಿ ಅಮೆರಿಕದಿಂದ ಬಂದ ವರದಿಯೊಂದರಲ್ಲಿ, ಈ ಕೊರತೆಗೆ ಕಾರಣವಾಗುವ ಒಂದು ನಿರ್ದಿಷ್ಟ ಬದಲಾವಣೆ ಇದ್ದ ಮಕ್ಕಳನ್ನು ಹೊತ್ತ ತಾಯಂದಿರಲ್ಲಿ ನೂರಕ್ಕೆ 79 ಮಂದಿಗೆ ಬಸುರಿನ ಕೊನೆಯಲ್ಲಿ ಲಿವರಿನ ತೀವ್ರ ಕಾಯಿಲೆ ಬಂದಿತ್ತು. ಬಸುರಿನಲ್ಲಿ ಲಿವರ್ ಕೆಟ್ಟವರಿಗೆಲ್ಲ ಇದೇ ಕಾರಣವಲ್ಲ, ಹೆಚ್ಚಿನವರಿಗೆ ಅಲ್ಲ. ಆದರೆ ನಿಮ್ಮ ಲಿವರ್, ಮಗುವಿನ ಸಕ್ಕರೆ, ಹೃದಯ, ರಕ್ತಸಂಬಂಧದ ಮದುವೆ ನಾಲ್ಕೂ ಒಂದೆಡೆ ಸೇರಿದಾಗ ಇದನ್ನು ಮೊದಲು ನೋಡಬೇಕು.

ಸೋದರಮಾವ ಮತ್ತು ಸೋದರಸೊಸೆಗೆ ಸರಾಸರಿ ನಾಲ್ಕರಲ್ಲಿ ಒಂದು ಪಾಲು ಜೀನ್‌ಗಳು ಒಂದೇ ಮೂಲದವು. ಇಬ್ಬರಲ್ಲೂ ಅದೇ ಕೆಟ್ಟ ಪ್ರತಿ ಇರುವ ಸಂಭವ ಇದರಿಂದ ಹೆಚ್ಚುತ್ತದೆ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಪ್ಪಾಜಿ ರಾವ್ ಮತ್ತು ಸಂಗಡಿಗರು ಬೆಂಗಳೂರು, ಮೈಸೂರುಗಳಲ್ಲಿ ಹುಟ್ಟಿದ ಶಿಶುಗಳನ್ನು ಪರೀಕ್ಷಿಸಿದಾಗ, ಸುಮಾರು ಮೂರರಲ್ಲಿ ಒಂದು ಮಗುವಿನ ತಂದೆತಾಯಿ ರಕ್ತಸಂಬಂಧಿಗಳು. ನಮ್ಮಲ್ಲಿ ಅಷ್ಟು ಸಾಮಾನ್ಯ ಇದು. ಇಂಥ ಮದುವೆಗಳಲ್ಲಿ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆಗಿಹೋದ ಮದುವೆಯನ್ನು ದೂಷಿಸಿ ಪ್ರಯೋಜನವಿಲ್ಲ, ನಿಮ್ಮಿಬ್ಬರಿಗೂ ಆ ಮದುವೆ ಮಾಡಿದವರು ಹಿರಿಯರು.

ಮಾಡಬೇಕಾದದ್ದು: ನೀವಿಬ್ಬರೂ ಜೆನೆಟಿಕ್ಸ್ ವೈದ್ಯರನ್ನು ಕಾಣಿ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಆ ವಿಭಾಗವಿದೆ, ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ಮಗುವಿನ ಆಸ್ಪತ್ರೆಯ ಕಾಗದಗಳನ್ನೂ ನಿಮ್ಮ ಐ.ಸಿ.ಯು. ಕಾಗದಗಳನ್ನೂ ಒಟ್ಟಿಗೆ ಒಯ್ಯಿರಿ. ಮಗುವಿನ ರಕ್ತ ಎಲ್ಲಿಯಾದರೂ ಉಳಿಸಿಟ್ಟಿದ್ದರೆ ಕೇಳಿ. ಇಲ್ಲದಿದ್ದರೂ ನಿಮ್ಮಿಬ್ಬರ ರಕ್ತದಿಂದಲೇ ನೋಡಬಹುದು. ಇಬ್ಬರಲ್ಲೂ ಆ ಬದಲಾವಣೆ ಸಿಕ್ಕರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ, ಮೂರು ಪಾಲು ಇಲ್ಲ. 11ರಿಂದ 13 ವಾರದ ಸುಮಾರಿಗೆ ಮಾಸಿನ ಸಣ್ಣ ಚೂರು ತೆಗೆದು ಪರೀಕ್ಷೆ ಮಾಡಬಹುದು. ಕಾಯಿಲೆ ಇರುವ ಮಗುವೇ ಹುಟ್ಟಿದರೂ, ಮೊದಲ ದಿನದಿಂದ ಗೊತ್ತಿದ್ದರೆ ಹಸಿವಾಗಲು ಬಿಡದೆ, ವಿಶೇಷ ಕೊಬ್ಬಿನ ಆಹಾರ ಕೊಟ್ಟು ಬೆಳೆಸುವ ದಾರಿ ಇದೆ. ಅಲ್ಲಿಯವರೆಗೆ ಇನ್ನೊಂದು ಬಸುರು ಬೇಡ, ಇದಷ್ಟನ್ನು ದಯವಿಟ್ಟು ಕೇಳಿ.

ಪ್ರಶ್ನೆ: ಎರಡು ಬಸುರಿನಲ್ಲೂ ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ 115ರ ಆಸುಪಾಸು. ಊಟದ ನಂತರ ಹೆಚ್ಚೇನೂ ಏರುವುದಿಲ್ಲ. ಬಸುರಿಲ್ಲದಾಗಲೂ ಅಷ್ಟೇ ಇದೆ, ನನ್ನ ತಂದೆಗೂ ಹಾಗೇ. ಮೊದಲ ಮಗು 4.1 ಕೆ.ಜಿ., ಎರಡನೆಯದು 3.2. ಪಥ್ಯ ಒಂದೇ, ಮಕ್ಕಳು ಯಾಕೆ ಹೀಗೆ?
— ಓದುಗರು, ಪುತ್ತೂರು

ಉತ್ತರ: ನೀವು ಬರೆದ ರೀತಿ ನೋಡಿದರೆ ಗ್ಲೂಕೋಕೈನೇಸ್ ಎಂಬ ಜೀನಿನ ಬದಲಾವಣೆಯೋ ಎಂದು ಅನುಮಾನ. ದೇಹ ಸಕ್ಕರೆಯನ್ನು ಗುರುತಿಸುವ ಮಟ್ಟವೇ ಇವರಲ್ಲಿ ತುಸು ಮೇಲಿರುತ್ತದೆ, ಜೀವಮಾನವಿಡೀ ಹಾಗೇ ಇರುತ್ತದೆ, ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ಇಂಗ್ಲೆಂಡಿನ ಆಂಡ್ರೂ ಹ್ಯಾಟರ್ಸ್‌ಲಿ 1998ರಲ್ಲಿ ಇಂಥ ಕುಟುಂಬಗಳ ಮಕ್ಕಳ ತೂಕ ನೋಡಿ ಕಂಡುಕೊಂಡದ್ದು ಇದು: ತಾಯಿಯಲ್ಲಿ ಬದಲಾವಣೆ ಇದ್ದು ಮಗುವಿಗೆ ಬಾರದಿದ್ದರೆ, ತಾಯಿಯ ಸಕ್ಕರೆಗೆ ಮಗು ಹೆಚ್ಚು ಇನ್ಸುಲಿನ್ ಸುರಿಸಿ ಅರ್ಧ ಕೆ.ಜಿ.ಗೂ ಮಿಕ್ಕಿ ದಪ್ಪವಾಗುತ್ತದೆ. ಮಗುವಿಗೂ ಬದಲಾವಣೆ ಬಂದಿದ್ದರೆ ಅದು ತಾಯಿಯ ಸಕ್ಕರೆಯನ್ನೇ ಸಹಜವೆಂದುಕೊಂಡು ಸಾಮಾನ್ಯ ತೂಕದಲ್ಲೇ ಬೆಳೆಯುತ್ತದೆ. ಈ ಜೀನಿನ ಪರೀಕ್ಷೆ ನಿಮ್ಮಂಥವರಿಗೆ ನಿಜಕ್ಕೂ ಉಪಯೋಗ. ಇದೇ ಎಂದು ಖಚಿತವಾದರೆ ಬಸುರಿಲ್ಲದ ಕಾಲದಲ್ಲಿ ಮಾತ್ರೆಯೇ ಬೇಡದಿರಬಹುದು. ಎಂಡೋಕ್ರೈನಾಲಜಿ, ಅಂದರೆ ಹಾರ್ಮೋನು ಕಾಯಿಲೆಗಳ ವೈದ್ಯರನ್ನು ಕಾಣಿ, ಅವರು ಹೇಳುವವರೆಗೆ ಈಗಿನ ಔಷಧ ನಿಲ್ಲಿಸಬೇಡಿ.

ಪ್ರಶ್ನೆ: ನನ್ನದು ಬಿ ನೆಗೆಟಿವ್, ನೋಡಿರುವ ಹುಡುಗ ಪಾಸಿಟಿವ್. ಮಕ್ಕಳಿಗೆ ತೊಂದರೆ ಎಂದು ಸಂಬಂಧ ಬೇಡವೆನ್ನುತ್ತಿದ್ದಾರೆ.
— ಓದುಗರು, ಬೀದರ್

ಉತ್ತರ: ಹುಡುಗ ಒಳ್ಳೆಯವನಾದರೆ ಮದುವೆಯಾಗಿ. ನಮ್ಮ ದೇಶದಲ್ಲಿ ನೂರರಲ್ಲಿ ಸುಮಾರು ಐದು ಮಂದಿ ನೆಗೆಟಿವ್, ಎಲ್ಲರೂ ನೆಗೆಟಿವ್ ವರನನ್ನೇ ಹುಡುಕಿ ಸಿಗುವುದಾದರೂ ಹೇಗೆ? ಮಗು ಪಾಸಿಟಿವ್ ಆಗಿದ್ದರೆ, ಹೆರಿಗೆಯಲ್ಲಿ ಅದರ ರಕ್ತ ನಿಮ್ಮದಕ್ಕೆ ಸೇರಿ ನಿಮ್ಮ ದೇಹ ಪ್ರತಿಕಾಯ, ಅಂದರೆ ಆ ರಕ್ತದ ವಿರುದ್ಧ ಹೋರಾಡುವ ಅಂಶ, ಮಾಡಿಕೊಳ್ಳಬಹುದು. ಅದು ಮುಂದಿನ ಮಗುವಿಗೆ ಅಪಾಯ. ಅದನ್ನು ತಡೆಯುವ ಆಂಟಿ-ಡಿ ಇಂಜೆಕ್ಷನ್ 1968ರಿಂದಲೂ ಬಳಕೆಯಲ್ಲಿದೆ. ಬಸುರಿನ 28ನೇ ವಾರಕ್ಕೆ ಒಂದು, ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು. ಗರ್ಭಪಾತವಾದರೂ ತೆಗೆದುಕೊಳ್ಳಬೇಕು, ಇದನ್ನೇ ಹೆಚ್ಚಿನವರು ಮರೆಯುವುದು.

ಪ್ರಶ್ನೆ: ಬಸುರಿನ ತೊಂದರೆಗಳನ್ನೆಲ್ಲ ಮೊದಲೇ ಹೇಳುವ ಜೀನ್ ಟೆಸ್ಟ್ ಪ್ಯಾಕೇಜ್ ಎಂದು ಒಂದು ಕಡೆ ಸಾವಿರಗಟ್ಟಲೆ ಕೇಳುತ್ತಿದ್ದಾರೆ. ಬಿ.ಪಿ. ಬರುತ್ತದೋ ಇಲ್ಲವೋ ಅದರಲ್ಲಿ ತಿಳಿಯುತ್ತದೆಯೇ?
— ಓದುಗರು, ಬೆಂಗಳೂರು

ಉತ್ತರ: ಇಲ್ಲ. ಸಿಂಧನೂರಿನ ಅಥವಾ ಪುತ್ತೂರಿನ ಓದುಗರಂತೆ ಮನೆಯ ಚರಿತ್ರೆಯೇ ಒಂದು ಜೀನಿನ ಕಡೆ ಬೆರಳು ತೋರಿಸುತ್ತಿದ್ದರೆ ಆ ಒಂದನ್ನು ಹುಡುಕುವುದು ಸರಿ. ಬಿ.ಪಿ. ಹಾಗಲ್ಲ. ಮೇಲೆ ಹೇಳಿದ ಎಫ್‌ಎಲ್‌ಟಿ-1 ಹತ್ತಿರದ ಬದಲಾವಣೆ ಮಗುವಿನಲ್ಲಿದ್ದರೆ ತಾಯಿಯ ಅಪಾಯ ಸುಮಾರು ಐದನೆಯ ಒಂದು ಪಾಲು ಮಾತ್ರ ಹೆಚ್ಚುತ್ತದೆ, ಅದೂ ಎಷ್ಟೋ ಆರೋಗ್ಯವಂತ ಮಕ್ಕಳಲ್ಲಿರುತ್ತದೆ. ಅಂಥ ಸಣ್ಣ ಸಣ್ಣ ಬದಲಾವಣೆಗಳಿಂದ ನಿಮ್ಮೊಬ್ಬರ ಭವಿಷ್ಯ ಹೇಳಲಾಗದು. ದೊಡ್ಡ ಆಸ್ಪತ್ರೆಗಳಲ್ಲಿ ಮೂರನೆಯ ತಿಂಗಳಲ್ಲಿ ಬಿ.ಪಿ., ಗರ್ಭಕೋಶದ ರಕ್ತನಾಳದ ಸ್ಕ್ಯಾನ್ ಮತ್ತು ರಕ್ತದಲ್ಲಿನ ಮಾಸಿನ ಪ್ರೋಟೀನ್ ಸೇರಿಸಿ ಒಂದು ಲೆಕ್ಕ ಹಾಕುತ್ತಾರೆ. ಅದು ಜೀನ್ ಟೆಸ್ಟ್ ಅಲ್ಲ, ಅದಕ್ಕೆ ಬೆಲೆ ಇದೆ, ಸಿಕ್ಕರೆ ಮಾಡಿಸಿ. ಪ್ಯಾಕೇಜಿನ ಹಣದಲ್ಲಿ ತೋಳಿಗೆ ಕಟ್ಟುವ ಒಂದು ಬಿ.ಪಿ. ಮೆಷಿನ್ ಕೊಂಡುಕೊಳ್ಳಿ. ಕೂತು ಐದು ನಿಮಿಷ ಸುಧಾರಿಸಿಕೊಂಡು ನೋಡಿ, ಪುಸ್ತಕದಲ್ಲಿ ಬರೆದಿಡಿ. ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.